ಶಿಡ್ಲಘಟ್ಟದಲ್ಲಿ ಬಣ್ಣ ಹತ್ತಿದ ವರ್ಷ

ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ಮಗನ ಮದುವೆಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆವು. ಬಸ್ಸಿನಿಂದ ಇಳಿಯುವಾಗ ಕಾಲು ನೆಲ ಮುಟ್ಟುವುದಕ್ಕೆ ಮೊದಲೇ ಊರಿನ ವಾಸನೆ ಮೂಗು ಮುಟ್ಟಿತು. ರೇಷ್ಮೆಗೂಡು ಬೇಯುವ ನೀರು, ಅದರೊಳಗೆ ಬೆಂದ ಹುಳ, ಸೌದೆಯ ಹೊಗೆ. ಹೊಸಬರಾದರೆ ಕರವಸ್ತ್ರ ಹುಡುಕುತ್ತಾರೆ. ನಾನು ನಿಲ್ದಾಣದ ನಟ್ಟನಡುವೆ ನಿಂತು, ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟಾಗ ಎಳೆಯುವ ಹಾಗೆ ದೀರ್ಘವಾಗಿ ಉಸಿರೆಳೆದುಕೊಂಡೆ.

"ಸಾಕು ಬನ್ರೀ, ಜನ ನೋಡ್ತಾರೆ" ಎಂದಳು ನನ್ನ ಹೆಂಡತಿ ಲಲಿತ. ಹಾಗೆಂದವಳು ತಾನೂ ಒಂದು ಉಸಿರು ಕದ್ದು ಎಳೆದುಕೊಂಡದ್ದನ್ನು ನಾನು ಗಮನಿಸಿದೆ; ಗಮನಿಸದವನಂತೆ ಚೀಲ ಎತ್ತಿಕೊಂಡೆ.

ಆ ವಾಸನೆಯಲ್ಲಿ ನಮಗೆ ಒಂದು ಮಳೆಗಾಲವಿದೆ. ಎರಡು ಸಾವಿರದ ಐದು-ಆರರ ಸುಮಾರಿನದು. ನಾನಾಗ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ. ಸರ್ಕಾರ ನನ್ನ ಸೇವೆಯನ್ನು ಎಷ್ಟು ಮೆಚ್ಚಿಕೊಂಡಿತ್ತೆಂದರೆ, ಒಂದೇ ಊರಿಗೆ ಅದು ಮೀಸಲಾಗುವುದು ಅನ್ಯಾಯವೆಂದು ಭಾವಿಸಿ ನನ್ನನ್ನು ಊರಿಂದೂರಿಗೆ ಕಳಿಸುತ್ತಲೇ ಇತ್ತು. ನಾನು ಹೋದಲ್ಲೆಲ್ಲ ಪಾತ್ರೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಹಾಗೂ ಲಲಿತಳ ಪಿಎಚ್.ಡಿ. ಲಾರಿ ಹತ್ತುತ್ತಿದ್ದವು. ಸಿಲಿಂಡರಿಗೆ ಹೊಸ ಊರಿನಲ್ಲಿ ಸಂಪರ್ಕ ಬೇಗ ಸಿಗುತ್ತಿತ್ತು. ಪಿಎಚ್.ಡಿ.ಗೆ ಸಿಗುತ್ತಿರಲಿಲ್ಲ. ಒಂದು ಊರಿನಲ್ಲಿ ಯಂತ್ರವಿದ್ದರೆ ಮಾರ್ಗದರ್ಶಕರಿಲ್ಲ, ಇನ್ನೊಂದರಲ್ಲಿ ಮಾರ್ಗದರ್ಶಕರಿದ್ದರೆ ಅವರಿಗೆ ಪ್ರೋಟೀನುಗಳಲ್ಲಿ ನಂಬಿಕೆಯಿಲ್ಲ. ಅವಳು ಮದುವೆಗೆ ಮೊದಲು ಶುರುಮಾಡಿದ್ದ ಕೆಲಸಕ್ಕೆ ತಲೆಯಲ್ಲಿ ನರೆಗೂದಲು ಕಾಣಿಸಿಕೊಂಡ ಮೇಲೂ ಕೊನೆ ಕಂಡಿರಲಿಲ್ಲ.

ಶಿಡ್ಲಘಟ್ಟದಲ್ಲಿ ಕೊನೆಗೂ ಎಲ್ಲವೂ ಒಟ್ಟಿಗೆ ಸಿಕ್ಕವು. ಊರಾಚೆ, ಚಿಂತಾಮಣಿ ರಸ್ತೆಯಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ ರೇಷ್ಮೆ ಸಂಶೋಧನೆಯ ಒಂದು ಸಣ್ಣ ಕೇಂದ್ರವಿತ್ತು. ಅದರ ಮುಖ್ಯಸ್ಥರು ಡಾಕ್ಟರ್ ಚಂದ್ರಪ್ಪನವರು. ಅವರ ತಂದೆಯ ಕಾಲದಲ್ಲೇ ಮನೆಯವರೆಲ್ಲ ಬೌದ್ಧರಾಗಿದ್ದರು. ಮೇಜಿನ ಮೇಲೆ ಅಂಗೈಯಗಲದ ಒಂದು ಬುದ್ಧನ ಮೂರ್ತಿ ಇತ್ತು. ಮಾತು ಕಡಿಮೆ. ಹೊಗಳಿಕೆ ಇನ್ನೂ ಕಡಿಮೆ. ಯಂತ್ರಗಳ ಉಸ್ತುವಾರಿ ಶಾಹೀನಾಳದು. ಇಪ್ಪತ್ತೈದರ ಹುಡುಗಿ, ನೂಲು ಬಿಚ್ಚುವ ಕಾರ್ಖಾನೆಯವರ ಮನೆಯವಳು, ಬಾಯಿ ಮಾತ್ರ ಇಡೀ ಕಾರ್ಖಾನೆಯಷ್ಟು ಸದ್ದು ಮಾಡುತ್ತಿತ್ತು.

ಆದರೆ ಚಂದ್ರಪ್ಪನವರು ನವೆಂಬರ್ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ನಂತರ ಪ್ರಯೋಗಾಲಯದ ಕೋಣೆಯನ್ನು ಉಗ್ರಾಣ ಮಾಡುವುದೆಂದು ಮೇಲಿನಿಂದ ಆದೇಶವಾಗಿತ್ತು. ವಿಶ್ವವಿದ್ಯಾಲಯವೂ ಲಲಿತಳಿಗೆ "ಇದೇ ಕೊನೆಯ ಕಾಲಾವಕಾಶ" ಎಂದು ತಿಳಿಸಿಯಾಗಿತ್ತು. ಹೀಗಾಗಿ ಆ ಮಳೆಗಾಲದಲ್ಲಿ ನಮ್ಮ ಮನೆಯ ಪ್ರಶ್ನೆ ಒಂದೇ: ಚಂದ್ರಪ್ಪನವರು ಕುರ್ಚಿ ಬಿಡುವುದರೊಳಗೆ ಲಲಿತ ತನ್ನ ಪ್ರೋಟೀನಿನ ಮೈಮೇಲೆ ಒಂದೇ ಒಂದು ಜಾಗದಲ್ಲಿ ಬಣ್ಣ ಅಂಟಿಸಿ ತೋರಿಸಬಲ್ಲಳೆ? ತೋರಿಸಿದರೆ ಪ್ರಬಂಧ ಉಳಿಯಿತು. ಇಲ್ಲವಾದರೆ ಮುಂದಿನ ಲಾರಿಗೆ ಒಂದು ಸಾಮಾನು ಕಡಿಮೆ.

ಈ ಬಣ್ಣದ ವಿಚಾರ ನನಗೆ ಅರ್ಥವಾದದ್ದು ಅಡುಗೆಮನೆಯಲ್ಲಿ, ಅವಳು ಬಸ್ಸಾರಿಗೆ ಕಾಳು ಬಸಿಯುತ್ತಿದ್ದಾಗ.

"ಪ್ರೋಟೀನ್ ಅಂದ್ರೆ ಒಂದು ಮಣಿಸರ ಅಂದ್ಕೊಳ್ಳಿ. ನನ್ನದು ರೇಷ್ಮೆಯಿಂದ ತೆಗೆದ ಮಾದರಿ, ಗಾಯದ ಮೇಲೆ ತೆಳ್ಳಗೆ ಪೊರೆ ಹಾಕೋದಕ್ಕೆ. ಪೊರೆ ಗಾಯದ ಮೇಲೇ ಇರುತ್ತೋ, ಕರಗಿ ಎಲ್ಲಾದರೂ ಹೋಗುತ್ತೋ ಗೊತ್ತಾಗಬೇಕಲ್ಲ. ಅದಕ್ಕೇ ಮಿನುಗೋ ಬಣ್ಣ ಅಂಟಿಸೋದು."

"ಬಳಿದುಬಿಡೋದಪ್ಪ. ನಮ್ಮೂರಲ್ಲಿ ಬಣ್ಣಗಾರರಿಗೆ ಬರವೇ?"

"ಬಳಿದ್ರೆ ಸರದ ಮೈಯೆಲ್ಲ ಮೆತ್ಕೊಳ್ಳುತ್ತೆ. ಆಮೇಲೆ ಅದು ಪೊರೆ ಕಟ್ಟೋದನ್ನೇ ಮರೆತುಬಿಡುತ್ತೆ. ಗಂಧಕ ಇರೋ ಮಣಿ ಅಂತ ಒಂದಿದೆ, ಸಿಸ್ಟೀನ್ ಅಂತಾರೆ. ನನ್ನ ಸರದಲ್ಲಿ ಅದು ಇರ್ಲೇ ಇಲ್ಲ. ಜೀನ್ ತಿದ್ದಿ, ಬಾಲದ ತುದೀಲಿ ಒಂದೇ ಒಂದು ಕೂರಿಸಿದೀನಿ. ಬಣ್ಣಕ್ಕೆ ಒಂದು ಕೊಕ್ಕೆ ಇದೆ, ಅದು ಗಂಧಕ ಕಂಡ್ರೆ ಹಿಡ್ಕೊಳ್ಳುತ್ತೆ, ಬಿಡಲ್ಲ."

"ಬೇರೆ ಮಣಿ ಕಂಡರೆ?"

"ಹುಳಿ, ಕ್ಷಾರ ಎರಡೂ ಹದವಾಗಿದ್ರೆ ತಿರುಗಿಯೂ ನೋಡಲ್ಲ. ಕ್ಷಾರ ಜಾಸ್ತಿ ಆಯ್ತೋ, ಸಿಕ್ಕಿದ್ದಕ್ಕೆಲ್ಲ ಜೋತುಬೀಳುತ್ತೆ."

ನನಗೆ ಥಟ್ಟನೆ ಬೆಳಕಾಯಿತು. ಇದು ನಮ್ಮ ಕಚೇರಿಯ ಮೊಹರಿನ ವಿಚಾರ. ಮೊಹರು ಬಲಗಡೆ ಕೆಳಗೆ, ಸಹಿಯ ಪಕ್ಕಕ್ಕೆ ಬೀಳಬೇಕು. ಮೊಹರಿಗೆ ಉತ್ಸಾಹ ಹೆಚ್ಚಾಗಿ ಪತ್ರದ ತುಂಬ ಬಿದ್ದರೆ ಪತ್ರವನ್ನು ಓದುವ ಹಾಗೂ ಇಲ್ಲ, ಎಸೆಯುವ ಹಾಗೂ ಇಲ್ಲ. ಇದನ್ನು ಹೇಳಿದಾಗ ಲಲಿತ ಸೌಟು ಹಿಡಿದೇ ನನ್ನನ್ನು ನೋಡಿ, "ಇಷ್ಟು ವರ್ಷಕ್ಕೆ ಒಂದು ಮಾತು ಸರಿಯಾಗಿ ಹೇಳಿದ್ರಿ" ಎಂದಳು. ನನ್ನ ಸೇವಾಪುಸ್ತಕದಲ್ಲಿ ಅಂಥ ಶ್ಲಾಘನೆ ಇನ್ನೊಂದಿಲ್ಲ.

ಆಗಸ್ಟಿನಲ್ಲಿ ನನ್ನ ವರ್ಗಾವಣೆ ಆದೇಶ ಬಂತು. ಗೌರಿಬಿದನೂರಿಗೆ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ಎರಡು ಲೋಟ ಕಾಫಿ ಕುಡಿದು, ಹವಾಮಾನದ ಬಗ್ಗೆ ಮಾತಾಡಿದೆ.

"ಯಾವೂರು?" ಎಂದಳು ಲಲಿತ.

"ಯಾವುದು ಯಾವೂರು?"

"ನೀವು ಮಳೆ ವಿಚಾರ ಮಾತಾಡೋದು ವರ್ಗ ಆದಾಗ ಮಾತ್ರ."

ಹೇಳಿದೆ. ಅವಳು ಎದ್ದು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳ ಕಡೆ ಕಣ್ಣು ಹಾಯಿಸಿದಳು, ಅಭ್ಯಾಸಬಲದಿಂದ. ಆ ಒಂದು ನೋಟವನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. "ಪೆಟ್ಟಿಗೆ ಅಲ್ಲೇ ಇರಲಿ. ಓಡಾಡ್ತೀನಿ" ಎಂದೆ. ಗೌರಿಬಿದನೂರು ಪಕ್ಕದ ಬೀದಿಯಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ಬೆಳಗ್ಗೆ ಹೊರಟವನು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಪುಣ್ಯ. ಲಲಿತ ನನ್ನನ್ನು ನಂಬದವಳ ಹಾಗೆ ನೋಡಿದಳು. ನನಗೂ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ಓಡಾಟಕ್ಕೆ ಒಂದು ಉಪಯೋಗವೂ ಒದಗಿತು. ಬಣ್ಣ ಹತ್ತಿಸುವ ಕೆಲಸ ತಣ್ಣಗೆ, ಕತ್ತಲೆಯಲ್ಲಿ, ರಾತ್ರಿಯಿಡೀ ನಡೆಯಬೇಕು. ಕೇಂದ್ರದ ಫ್ರಿಜ್ಜು ವಿದ್ಯುತ್ ಇಲಾಖೆಯ ದಯೆಯಲ್ಲಿತ್ತು. ಶಿಡ್ಲಘಟ್ಟದಲ್ಲೂ ಐಸ್ ಕ್ಯಾಂಡಿ ಕಾರ್ಖಾನೆ ಇತ್ತು, ಆದರೆ ಅದೂ ಕೇಂದ್ರವೂ ಒಂದೇ ಲೈನಿನಲ್ಲಿದ್ದು ಒಟ್ಟಿಗೇ ಕಣ್ಣು ಮುಚ್ಚುತ್ತಿದ್ದವು. ಆದ್ದರಿಂದ ಘನ ಸರ್ಕಾರದ ಶಿರಸ್ತೇದಾರನು ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಬಾಯಿಯ ಫ್ಲಾಸ್ಕಿನ ತುಂಬ ಐಸ್ ತುಂಬಿಸಿಕೊಂಡು, ಅದನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಶಿಡ್ಲಘಟ್ಟದ ಬಸ್ಸಿನಲ್ಲಿ ಪ್ರಯಾಣಿಸತೊಡಗಿದನು.

"ಏಂದಿ ಸಾರ್ ಅದಿ, ಕಾಫೀನಾ?" ಎಂದು ಪಕ್ಕದ ಸೀಟಿನ ರೇಷ್ಮೆಗೂಡಿನ ವ್ಯಾಪಾರಿ ತೆಲುಗಿನಲ್ಲಿ ವಿಚಾರಿಸಿದ.

"ಐಸು."

"ಮನೇಲಿ ಯಾರಿಗಾದ್ರೂ ಜ್ವರಾನಾ?"

"ಇಲ್ಲಪ್ಪ. ಹೆಂಡತಿ ಪ್ರೋಟೀನಿಗೆ."

ಆತ ಬಹಳ ಹೊತ್ತು ಯೋಚಿಸಿ, "ವಾಸಿ ಆಗ್ತದೆ ಬಿಡಿ ಸಾರ್, ದೇವರಿದಾನೆ" ಎಂದು ಸಮಾಧಾನ ಹೇಳಿದ.

ಬಣ್ಣ ವಿದೇಶದಿಂದ ಬಂದದ್ದು, ಕಿರುಬೆರಳಿನ ಗಾತ್ರದ ಸೀಸೆಯ ತಳದಲ್ಲಿ ಕಿತ್ತಳೆ ಬಣ್ಣದ ಒಂದು ಚಿಟಿಕೆ ಪುಡಿ. ಮೂರು ಸಲಕ್ಕೆ ಆದೀತು. ಮೊದಲ ಸಲ ಬಣ್ಣ ಹತ್ತಲೇ ಇಲ್ಲ. ಸರದ ತುದಿಯ ಗಂಧಕದ ಮಣಿಗಳು ರಾತ್ರೋರಾತ್ರಿ ಒಂದರ ಕೈ ಒಂದು ಹಿಡಿದು ಜೋಡಿಯಾಗಿ ಕುಳಿತುಬಿಟ್ಟಿದ್ದವಂತೆ. ಕೊಕ್ಕೆಗೆ ಜಾಗವೇ ಇರಲಿಲ್ಲ. ಅವನ್ನು ಬಿಡಿಸಲು ಒಂದು ಮದ್ದು ಹಾಕಬೇಕು, ಬಿಡಿಸಿದ ಮೇಲೆ ಮದ್ದನ್ನೂ ತೊಳೆದು ಆಚೆ ಕಳಿಸಬೇಕು, ಇಲ್ಲದಿದ್ದರೆ ಬಣ್ಣವನ್ನು ಅದೇ ತಿಂದುಹಾಕುತ್ತದೆ. ಗಂಡಹೆಂಡಿರ ಜಗಳ ಬಿಡಿಸಲು ಬಂದವರು ಊಟಕ್ಕೂ ಕುಳಿತುಬಿಟ್ಟರೆ ಆಗುವ ಕಷ್ಟ ನನಗೆ ತಿಳಿದಿದ್ದರಿಂದ ಇದೂ ಸುಲಭವಾಗಿ ಅರ್ಥವಾಯಿತು.

ಅಷ್ಟರಲ್ಲಿ ದಸರಾ ಬಂತು. ಕೇಂದ್ರದಲ್ಲಿ ಆಯುಧಪೂಜೆ ಮಾಡುವ ರೂಢಿ ಇತ್ತು. ಚಂದ್ರಪ್ಪನವರು ಪೂಜೆಗೆ ಸೇರುತ್ತಿರಲಿಲ್ಲ, ಬೇಡವೆಂದೂ ಹೇಳುತ್ತಿರಲಿಲ್ಲ. "ಕಡ್ಲೆಪುರಿಗೆ ನನ್ನ ವಿರೋಧ ಇಲ್ಲ ಕಣ್ರೀ" ಎಂದು ತಮ್ಮ ಕೋಣೆಯಲ್ಲಿ ಕುಳಿತಿರುತ್ತಿದ್ದರು. ನಾನು ಬೂದುಗುಂಬಳಕಾಯಿ ಹೊತ್ತು ಹೋಗಿದ್ದೆ. ಲಲಿತ ಅರಿಶಿನದ ಬಟ್ಟಲು ಹಿಡಿದು ಒಂದೊಂದೇ ಯಂತ್ರಕ್ಕೆ ಬೊಟ್ಟಿಡುತ್ತ ಬಂದಳು. ಹಿಂದೆ ಶಾಹೀನಾ.

"ಮೇಡಂ, ಆ ತಕ್ಕಡಿಗೆ ಇಡ್ಲಿಲ್ಲ. ಆಮೇಲೆ ಅದು ಬೇಜಾರು ಮಾಡ್ಕೊಂಡು ತೂಕ ತಪ್ಪಿ ಹೇಳಿದ್ರೆ ನನ್ನ ಕೇಳಬೇಡಿ."

"ಇಡ್ತೀನಿ ತಾಳೇ."

"ಇದಕ್ಕೂ ಇಡಿ. ಎಲ್ಲಕ್ಕಿಂತ ಜಂಬ ಇದಕ್ಕೇ." ಎಂದು ಶಾಹೀನಾ ಒಂದು ಪುಟ್ಟ ಚೌಕ ಡಬ್ಬಿಯನ್ನು ಅಂಗೈಯಲ್ಲಿ ನೀಡಿದಳು. ಗಾಜಿಗಿಂತ ತಿಳಿಯಾದ ಸ್ಫಟಿಕದ್ದು. ಮಿನುಗು ಅಳೆಯುವ ಯಂತ್ರದೊಳಗೆ ದ್ರಾವಣವನ್ನು ಅದರಲ್ಲೇ ತುಂಬಿ ಇಡುವುದು. ಲಲಿತ ಅದನ್ನು ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ ನಾಲ್ಕೂ ಮುಖಕ್ಕೆ ಅರಿಶಿನ ಇಟ್ಟಳು. ಮರುದಿನ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿಟ್ಟರು.

ವಿಜಯದಶಮಿಯ ಮುಂದಿನ ವಾರ ಎರಡನೇ ಪ್ರಯತ್ನ. ಈ ಸಲ ಎರಡು ಸೀಸೆ. ಒಂದರಲ್ಲಿ ಬಾಲದ ತುದಿಗೆ ಗಂಧಕದ ಮಣಿ ಇರುವ ಪ್ರೋಟೀನು, ಇನ್ನೊಂದರಲ್ಲಿ ಅದೇ ಪ್ರೋಟೀನು, ಆದರೆ ಆ ಮಣಿ ಇಲ್ಲದ್ದು. ಎರಡಕ್ಕೂ ಒಂದೇ ಅಳತೆಯ ಬಣ್ಣ. ಅಂಟದೆ ಉಳಿದ ಬಣ್ಣವನ್ನೆಲ್ಲ ತೊಳೆದ ಮೇಲೆ ಮೊದಲನೆಯದು ಮಿನುಗಬೇಕು, ಎರಡನೆಯದು ಕಪ್ಪಗಿರಬೇಕು. ಆಗ ಬಣ್ಣ ಆ ಒಂದು ಜಾಗಕ್ಕೆ ಮಾತ್ರ ಹತ್ತಿದೆ ಎಂದರ್ಥ.

ಎರಡೂ ಮಿನುಗಿದವು.

ಆ ಸಂಜೆ ನಾನು ಫ್ಲಾಸ್ಕು ವಾಪಸು ತರಲು ಹೋದಾಗ ಲಲಿತ ಸ್ಟೂಲಿನ ಮೇಲೆ ಕುಳಿತಿದ್ದಳು. ಶಾಹೀನಾ ಕೂಡ ಮಾತಾಡುತ್ತಿರಲಿಲ್ಲ. ಅದರಿಂದಲೇ ಸಂಗತಿ ಗಂಭೀರವೆಂದು ತಿಳಿಯಿತು. ಚಂದ್ರಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸಿಕ್ಕಿದ್ದಕ್ಕೆಲ್ಲ ಅಂಟಿದೆಯಮ್ಮ" ಎಂದರು ಮೆಲ್ಲಗೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮನೆಗೆ ನಡೆದು ಬರುವಾಗ ಲಲಿತ, "ಇನ್ನು ಬಿಟ್ಟುಬಿಡ್ತೀನಿ ಕಣ್ರೀ" ಎಂದಳು. "ಗೌರಿಬಿದನೂರಲ್ಲಿ ಮನೆ ನೋಡಿ. ನೀವೂ ಸೊರಗಿಹೋಗಿದೀರಿ." ಆ ಮಾತನ್ನು ಅವಳು ಅಳದೆ, ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ನಾನು ಮಳೆಯ ವಿಚಾರ ಮಾತಾಡಿದೆ.

ಆದರೆ ಅವಳ ತಲೆ ಬಿಟ್ಟುಬಿಡುವ ಜಾತಿಯದಲ್ಲ. ಎರಡನೇ ಶನಿವಾರ, ನನಗೆ ರಜೆ, ಬೆಳಗ್ಗೆಯೇ ನನ್ನನ್ನೂ ಹೊರಡಿಸಿದಳು. "ಒಂದು ಅನುಮಾನ ಇದೆ. ಬಣ್ಣವನ್ನೇ ಹಾಕದೆ ಬರೀ ಪ್ರೋಟೀನು ಇಟ್ಟು ನೋಡ್ಲಿಲ್ಲ." ಕೇಂದ್ರಕ್ಕೆ ಶಾಹೀನಾಳನ್ನೂ ಕರೆಸಿಕೊಂಡು ಇಟ್ಟು ನೋಡಿದಳು. ಅದೂ ಮಿನುಗಿತು. ಬರೀ ನೀರು ಇಟ್ಟಳು. ಮಂಕಾಗಿಯಾದರೂ ಅದೂ ಮಿನುಗಿತು.

"ನೀರೂ ಮಿನುಗುತ್ತಾ?" ಎಂದೆ.

ಲಲಿತ ಸ್ಫಟಿಕದ ಡಬ್ಬಿಯನ್ನು ಹೊರತೆಗೆದು, ಕಿಟಕಿಯ ಕಪ್ಪು ಪರದೆ ಎಳೆದು, ಕೈದೀಪ ಹಚ್ಚಿದಳು. ಅದು ಕಣ್ಣಿಗೆ ಕಾಣುವಂಥ ಬೆಳಕಲ್ಲ, ನೇರಳೆಯಾಚೆಗಿನದು. ಕತ್ತಲೆಯಲ್ಲಿ ಡಬ್ಬಿಯ ನಾಲ್ಕೂ ಮುಖದಲ್ಲಿ ಹಸಿರು ಹಳದಿಯ ಒಂದೊಂದು ಗುಂಡನೆಯ ಮಸುಕು ಹೊಳೆಯಿತು. ಅವಳು ದೀಪವನ್ನು ಮೆಲ್ಲಗೆ ಸುತ್ತ ತಿರುಗಿಸಿದಳು. ತಕ್ಕಡಿಯ ಮೇಲೊಂದು ಬೊಟ್ಟು. ಫ್ರಿಜ್ಜಿನ ಬಾಗಿಲಿಗೊಂದು. ಯಂತ್ರಗಳ ಹಣೆಗೊಂದೊಂದು. ಒರೆಸಿ ತೊಳೆದಿದ್ದ ಪೂಜೆಯೆಲ್ಲ ಆ ಕತ್ತಲೆಯಲ್ಲಿ ಇನ್ನೂ ನಡೆಯುತ್ತಿತ್ತು. ನಾನು ಅಷ್ಟು ಚೆಂದದ ದೀಪಾವಳಿಯನ್ನು ಮತ್ತೆ ಕಂಡಿಲ್ಲ.

"ಅರಿಶಿನ" ಎಂದಳು ಲಲಿತ, ಪಿಸುದನಿಯಲ್ಲಿ. "ಅರಿಶಿನಾನೂ ಮಿನುಗುತ್ತೆ ಕಣೇ ಶಾಹೀನಾ. ಹಸಿರಿಗೇ. ಬೆಳಕು ಹಾಯೋ ಮುಖಕ್ಕೇ ಇಟ್ಟಿದೀನಿ. ಒರೆಸುವಾಗ ಒಳಗೂ ಇಳಿದಿದೆ, ಪ್ರೋಟೀನು ಸಿಕ್ಕರೆ ಇನ್ನೂ ಜೋರಾಗಿ ಮಿನುಗುತ್ತೆ."

"ಹಾಯ್ ಅಲ್ಲಾ" ಎಂದಳು ಶಾಹೀನಾ. "ನಾಲ್ಕೂ ಕಡೆ ಇಟ್ರಿ ಮೇಡಂ, ಒಂದು ಕಡೆ ಸಾಕಾಗಿತ್ತು!"

ಆ ಸಂಜೆಯ ನಂತರ ಮೊದಲ ಸಲ ಲಲಿತ ನಕ್ಕಳು. ನಗು ನಿಲ್ಲದೆ ಸ್ಟೂಲಿನ ಮೇಲೆ ಕುಳಿತಳು. ಆಮೇಲೆ ಸೀಸೆ ಎತ್ತಿ ನೋಡಿ ಕೆಳಗಿಟ್ಟಳು. ಎರಡನೇ ಪ್ರಯತ್ನದ ಪ್ರೋಟೀನು ಅಷ್ಟರಲ್ಲಿ ಕೆಟ್ಟಿತ್ತು. ಬ್ಯಾಕ್ಟೀರಿಯಾದಲ್ಲಿ ಹೊಸದಾಗಿ ಬೆಳೆಸಿ ತೆಗೆಯಲು ಹೆಚ್ಚುಕಡಿಮೆ ತಿಂಗಳು ಬೇಕು. ಬಣ್ಣ ಇನ್ನೊಂದು ಸಲಕ್ಕೆ ಮಾತ್ರ ಇತ್ತು.

ಪ್ರೋಟೀನು ಸಿದ್ಧವಾದದ್ದು ನವೆಂಬರಿನ ಕೊನೆಯ ವಾರ. ಕಡಲಲ್ಲಿ ಎಲ್ಲೋ ವಾಯುಭಾರ ಕುಸಿದು ನಮ್ಮ ಮೇಲೆ ಜಡಿಮಳೆ ಹಿಡಿದಿತ್ತು. ಚಂದ್ರಪ್ಪನವರ ಬೀಳ್ಕೊಡುಗೆಯ ಹಿಂದಿನ ದಿನ ನಾನು ಗೌರಿಬಿದನೂರು ಬಿಟ್ಟಾಗ ಹಳ್ಳದ ನೀರು ರಸ್ತೆಯ ಮೇಲೆ ಹರಿದು ಬಸ್ಸು ಪೆರೇಸಂದ್ರದ ಮೇಲೆ ಸುತ್ತಿ ಬಂತು. ಚಿಕ್ಕಬಳ್ಳಾಪುರದ ಐಸ್ ಕಾರ್ಖಾನೆಯವನು ಬಾಗಿಲು ಹಾಕುತ್ತಿದ್ದವನು ನನ್ನನ್ನು ಕಂಡು ಮತ್ತೆ ತೆರೆದ. "ಈ ಚಳೀಲೂ ಐಸಾ ಸಾರ್? ಆ ಪ್ರೋಟೀನಮ್ಮನಿಗೆ ಇನ್ನೂ ವಾಸಿ ಆಗ್ಲಿಲ್ವಾ?" ಸುದ್ದಿ ಅಲ್ಲಿಯವರೆಗೂ ಹೋಗಿತ್ತು. ಒದ್ದೆಮುದ್ದೆಯಾಗಿ ಕೇಂದ್ರ ತಲುಪಿದಾಗ ಲಲಿತ ಬಾಗಿಲಲ್ಲೇ ನಿಂತಿದ್ದಳು. ಫ್ಲಾಸ್ಕನ್ನು ತೆಗೆದುಕೊಂಡಳು, ಆಮೇಲೆ ತನ್ನ ಸೆರಗಿನಿಂದ ನನ್ನ ತಲೆ ಒರೆಸಿದಳು. ಈ ಆದ್ಯತಾ ಕ್ರಮವನ್ನು ನಾನು ಆಕ್ಷೇಪಿಸಲಿಲ್ಲ.

ಮರುದಿನ ರಜೆ ಹಾಕಿದೆ. ಬಣ್ಣ ರಾತ್ರಿಯೆಲ್ಲ ಐಸಿನಲ್ಲಿ ಕುಳಿತಿತ್ತು. ಬೆಳಗ್ಗೆ ತೊಳೆದದ್ದಾಯಿತು. ಅಳೆಯೋಣವೆಂದು ಕೂತರೆ ವಿದ್ಯುತ್ ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ಸಭಾಂಗಣದಲ್ಲಿ ಬೀಳ್ಕೊಡುಗೆ ಶುರುವಾಯಿತು. ಸಭೆ ಮುಗಿದ ತಕ್ಷಣ ಚಂದ್ರಪ್ಪನವರನ್ನು ಚಿಂತಾಮಣಿಯ ಮನೆಗೆ ಕರೆದೊಯ್ಯಲು ಜೀಪು ಬಂದು ನಿಂತಿತ್ತು. ಸಂಜೆಗೆ ಕೋಣೆಯ ಬೀಗದ ಕೈ ಹೊಸಬರ ವಶಕ್ಕೆ.

ಲಲಿತ ನನ್ನನ್ನು ಮೂಲೆಗೆ ಕರೆದಳು. "ಕರೆಂಟ್ ಬರೋವರೆಗೂ ಸಭೆ ಮುಗೀಬಾರ್ದು. ಏನಾದ್ರೂ ಮಾಡಿ."

"ನಾನೇನು ಮಾಡಲಿ?"

"ಮಾತಾಡಿ. ನಿಮ್ಮ ಕಚೇರಿ ಭಾಷೇಲಿ."

ಹೀಗೆ ನಾನು "ಎರಡು ಮಾತು" ಎಂದು ಎದ್ದು ನಿಂತೆ. ಮೈಕಿಗೂ ವಿದ್ಯುತ್ ಇರಲಿಲ್ಲ. ಇತ್ತೀಚಿನ ಮಳೆಯಿಂದ ಆರಂಭಿಸಿ, ಜಿಲ್ಲೆಯ ಕಂದಾಯ ವ್ಯವಸ್ಥೆಯ ಇತಿಹಾಸ, ರೇಷ್ಮೆಹುಳದ ಸರಳ ಜೀವನ, ಅದರಿಂದ ಸರ್ಕಾರಿ ನೌಕರ ಕಲಿಯಬೇಕಾದದ್ದು, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಚಂದ್ರಪ್ಪನವರ ಸದ್ಗುಣಗಳು, ಸದರಿ ಸದ್ಗುಣಗಳ ಉಪವಿಭಾಗಗಳು, ಹೀಗೆ ಮುಂದುವರಿದೆ. ಮೊದಲು ಹಿಂದಿನ ಸಾಲಿನವರು ಟೀಗೆ ಎದ್ದು ಹೋದರು. ಆಮೇಲೆ ಮುಂದಿನ ಸಾಲಿನವರು ಅವರನ್ನು ಅಸೂಯೆಯಿಂದ ನೋಡಿದರು. ಚಂದ್ರಪ್ಪನವರು ಹಾರದೊಳಗಿನಿಂದ ನನ್ನನ್ನೇ ದಿಟ್ಟಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಮೀಸೆಯ ಕೆಳಗೆ ಏನೋ ಸರಿದಾಡಿತು. ಕಾರ್ಯದರ್ಶಿ ಚೀಟಿ ಕಳಿಸಿದಾಗ ಅವರೇ ಕೈಯೆತ್ತಿ, "ಇರಲಿ, ಹೇಳಲಿ ಬಿಡಿ. ನನ್ನ ಬಗ್ಗೆ ಇಷ್ಟು ಮತ್ತೆ ಯಾರು ಹೇಳ್ತಾರೆ?" ಎಂದರು.

ಮೈಕು ಇದ್ದಕ್ಕಿದ್ದಂತೆ ಕಿರ್ರೆಂದಿತು. ದೀಪ ಹತ್ತಿತು. ಆದರೂ ನಾನು ಬಿಡಲಿಲ್ಲ, ಯಂತ್ರ ಬಿಸಿಯಾಗಲು ಸಮಯ ಬೇಕೆಂದು ಗೊತ್ತಿತ್ತು. ಸದ್ಗುಣಗಳ ಅನುಬಂಧಕ್ಕೆ ಕೈಹಾಕಿದೆ. ಕೊನೆಗೆ ಶಾಹೀನಾ ಬಾಗಿಲಲ್ಲಿ ಕಾಣಿಸಿಕೊಂಡು ತಲೆಯಾಡಿಸಿದಳು. ಬನ್ನಿ ಎಂದಳೋ, ಇಲ್ಲ ಎಂದಳೋ ತಿಳಿಯಲಿಲ್ಲ. ವಾಕ್ಯದ ಮಧ್ಯದಲ್ಲೇ ವಂದಿಸಿ ಕುಳಿತೆ.

ಚಂದ್ರಪ್ಪನವರು ಚಪ್ಪಾಳೆಗೂ ಕಾಯದೆ ಎದ್ದು ಪ್ರಯೋಗಾಲಯದ ಕಡೆ ನಡೆದರು. ಬಾಗಿಲಲ್ಲಿ ಹಾರ ತೆಗೆದು ನನ್ನ ಕೊರಳಿಗೆ ಹಾಕಿದರು. "ಇದು ಒಳಗೆ ಬರೋದು ಬೇಡ, ಶಿರಸ್ತೇದಾರರೇ. ಹೂವಲ್ಲಿ ಏನಿರುತ್ತೋ." ಹಾಗೆ ನಾನು ಇನ್ನೊಬ್ಬರ ನಿವೃತ್ತಿಯ ಹಾರ ಧರಿಸಿ ಹೊಸ್ತಿಲ ಹೊರಗೆ ನಿಂತು ನೋಡಿದೆ.

ಲಲಿತ ಪರದೆ ಎಳೆದು ಕೈದೀಪ ಹಚ್ಚಿದಳು. ಎರಡು ಸೀಸೆ. ಒಂದು ಎಳೆಯ ಹಿಪ್ಪುನೇರಳೆ ಚಿಗುರಿನ ಹಸಿರಿಗೆ ಮಿನುಗುತ್ತಿತ್ತು. ಚಂದ್ರಪ್ಪನವರು ಅದನ್ನು ಒಮ್ಮೆ ನೋಡಿ ಬದಿಗಿಟ್ಟರು. ಇನ್ನೊಂದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಬಾವಿಯ ಹಾಗೆ ಕಪ್ಪಗಿತ್ತು.

"ಇದಕ್ಕೂ ಅಷ್ಟೇ ಬಣ್ಣ ಹಾಕಿದ್ರಾ?"

"ಒಂದೇ ಅಳತೆ, ಸರ್."

"ಅರಿಶಿನ?"

"ಒಂದು ವಾರದಿಂದ ನಮ್ಮನೇಲಿ ಸಾರೂ ಬೆಳ್ಳಗಿದೆ, ಸರ್." ಇದು ನಿಜ. ನಾನು ಸಾಕ್ಷಿ.

ಅವರು ಕಪ್ಪು ಸೀಸೆಯನ್ನು ಲಲಿತಳ ಕೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ತಾವೇ ಮುಚ್ಚಿದರು. "ಮಿನುಗಿಸೋದು ಯಾರು ಬೇಕಾದ್ರೂ ಮಿನುಗಿಸ್ತಾರೆ, ಲಲಿತಮ್ಮ. ನಿಮ್ಮ ಥೀಸಿಸ್ಸು ಇದು." ನಂತರ ಯಂತ್ರ ಬರೆದುಕೊಟ್ಟಿದ್ದ ಅಳತೆಯ ನಕ್ಷೆ ಎಳೆದುಕೊಂಡು, ಗಡಿಯಾರ ನೋಡಿ, "ಐದೂವರೆವರೆಗೂ ಇಲ್ಲಿ ನಾನೇ ಅಧಿಕಾರಿ" ಎಂದು ಸಹಿ ಹಾಕಿದರು.  ಶಾಹೀನಾ ದುಪಟ್ಟಾದಿಂದ ಮೂಗು ಒರೆಸಿಕೊಂಡು, ಬಲ್ಬಿನ ಬಿಸಿಗೆ ಕಣ್ಣುರಿ ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಮನೆಗೆ ಬರುವ ಹೊತ್ತಿಗೆ ಮಳೆ ನಿಂತಿತ್ತು. ಲಲಿತ ಅಡುಗೆಮನೆಯ ಬಾಗಿಲಿಗೊರಗಿ ನಿಂತಳು.

"ರೀ, ಇನ್ನು ಬರೆಯೋದು ತಾನೆ. ಎಲ್ಲಿ ಕೂತಾದ್ರೂ ಬರೀಬೌದು. ನಿಮಗೆ ಈ ಬಸ್ಸಿನ ಗೋಳು ಸಾಕು. ಗೌರಿಬಿದನೂರಲ್ಲೇ ಮನೆ ನೋಡಿ."

ನಾನು ಗಂಟಲು ಸರಿಮಾಡಿಕೊಂಡೆ. "ಅರ್ಜಿಯನ್ನು ಪರಿಶೀಲಿಸಲಾಗಿದೆ. ತಿರಸ್ಕರಿಸಲಾಗಿದೆ."

"ಕಾರಣ?"

"ಅರ್ಜಿದಾರರು ಇನ್ನೂ ಬರೆದು ಮುಗಿಸಿಲ್ಲ."

 ಅವಳು ಮುಖ ತಿರುಗಿಸಿ, ಒಲೆಯ ಕಡೆ ಬಗ್ಗಿ, "ನಾಳೆ ಬುತ್ತಿಗೆ ಏನು ಹಾಕ್ಲಿ?" ಎಂದಳು.